ಹೆಡರ್ ಮನೆಯಲ್ಲೇ ಹಾಕಬಹುದು, ಆದರೆ ಫ್ಲೇಂಜ್ ಸಪಾಟಾಗಿದೆಯಾ ನೋಡಿದಿರಾ?

ಪ್ರಶ್ನೆ: ನನ್ನ ಹತ್ತಿರ 2002ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಇಂಜಿನ್ನಿನ ಸುಟ್ಟ ಗ್ಯಾಸು ಹೊರಗೆ ಒಯ್ಯುವ ಪೈಪುಗಳ ಸೆಟ್ಟು, ಅಂದರೆ ಸ್ಟೇನ್‌ಲೆಸ್ ಸ್ಟೀಲಿನ 4-2-1 ಹೆಡರ್, ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಎರಡು ಮೂರು ಗ್ಯಾರೇಜಿನವರನ್ನು ಕೇಳಿದೆ. ಒಬ್ಬರು ಮುಟ್ಟೋದೇ ಇಲ್ಲ ಅಂದರು, ಇನ್ನೊಬ್ಬರು ಒಂದು ಗಂಟೆ ಕೆಲಸ ಅಂದರು. ಮನೆ ಅಂಗಳದಲ್ಲಿ ನಾನೇ ಹಾಕಿಕೊಳ್ಳಬಹುದಾ? ಪವರ್ ಎಷ್ಟು ಜಾಸ್ತಿ ಆಗುತ್ತೆ? ಹೊಗೆ ಶುದ್ಧ ಮಾಡುವ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದುಬಿಟ್ಟರೆ ಇನ್ನೂ ಒಳ್ಳೇದು ಅಂತಾರೆ, ನಿಜವಾ?
ಗದಗ-ಬೆಟಗೇರಿಯ ಓದುಗರು

ಉತ್ತರ: ಹಾಕಿಕೊಳ್ಳಬಹುದು. ಆದರೆ ಒಂದು ಗಂಟೆ ಅಂದವರ ಮಾತು ಬಿಟ್ಟುಬಿಡಿ. ಶನಿವಾರ ಬೆಳಿಗ್ಗೆ ಶುರು ಮಾಡಿ ಭಾನುವಾರ ಸಂಜೆಗೆ ಮುಗಿದರೆ ಸರಿಯಾಗಿ ಮಾಡಿದ್ದೀರಿ ಅಂತ ಅರ್ಥ. ಸೋಮವಾರ ಅದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಡ್ಯೂಟಿಗೆ ಹೋಗಲೇಬೇಕು ಅಂತಿದ್ದರೆ ಈ ವಾರ ಕೈ ಹಾಕಬೇಡಿ.

ಹೆಡರ್ ಬಗ್ಗೆ ಕೇಳಿಕೊಂಡು ಬರುವವರೆಲ್ಲ ಪೈಪಿನ ಸೈಜು ಎಷ್ಟು, ಸೌಂಡು ಹೇಗೆ ಬರುತ್ತೆ, ಯಾವ ಬ್ರ್ಯಾಂಡು ಅಂತ ಕೇಳುತ್ತಾರೆ. ಫ್ಲೇಂಜ್, ಅಂದರೆ ಹೆಡರ್ ಇಂಜಿನ್ನಿಗೆ ಕೂರುವ ಪ್ಲೇಟು, ಸಪಾಟಾಗಿದೆಯಾ ಅಂತ ಯಾರೂ ಕೇಳೋದಿಲ್ಲ. ಈ ಕೆಲಸದ ಅರ್ಧ ಜೀವ ಇರೋದೇ ಅಲ್ಲಿ. ಲೀಕ್ ಇಲ್ಲದ ಕಂಪನಿ ಮ್ಯಾನಿಫೋಲ್ಡು, ಅಂದರೆ ಹೆಡರ್ ಜಾಗದಲ್ಲಿ ಈಗಿರುವ ಮೂಲ ಭಾಗ, ಲೀಕ್ ಇರೋ ಹೆಡರ್‌ಗಿಂತ ಯಾವತ್ತೂ ಮೇಲು. ಇದನ್ನು ನಾನು ಒತ್ತಿ ಹೇಳ್ತೀನಿ, ಯಾಕಂದರೆ ಹಣ ಖರ್ಚು ಮಾಡಿ, ಕೈ ಸುಟ್ಟುಕೊಂಡು, ಕೊನೆಗೆ ಮೊದಲಿಗಿಂತ ಮಂದ ಗಾಡಿ ಓಡಿಸುವವರನ್ನು ನೋಡಿದರೆ ಬೇಜಾರಾಗುತ್ತೆ.

ಮೊದಲು ಪವರ್ ವಿಷಯ ಮುಗಿಸೋಣ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದದ್ದು 106 ಬಿಎಚ್‌ಪಿ. ಬರೀ ಹೆಡರ್ ಹಾಕಿ, ಉಳಿದದ್ದೆಲ್ಲ ಹಾಗೇ ಬಿಟ್ಟರೆ, ನಾಲ್ಕೈದು ಬಿಎಚ್‌ಪಿ ಬಂದರೆ ಖುಷಿಪಡಿ. ಇಪ್ಪತ್ತು ಬರುತ್ತೆ ಅಂದವರು ಸುಳ್ಳು ಹೇಳ್ತಿದ್ದಾರೆ. ಆದರೆ ಆ ನಾಲ್ಕೈದು ಎಲ್ಲಿ ಬರುತ್ತೆ ಅನ್ನೋದು ಮುಖ್ಯ, ಅಲ್ಲೇ ಮಜಾ ಇರೋದು.

ಎಕ್ಸಾಸ್ಟ್ ವಾಲ್ವ್ ತೆರೆದಾಗ ಸಿಲಿಂಡರಿನಿಂದ ಬಿಸಿ ಗ್ಯಾಸು ಒಂದು ಬಡಿತದಂತೆ ಪೈಪಿಗೆ ನುಗ್ಗುತ್ತೆ. ಆ ಒತ್ತಡದ ಅಲೆ ಪೈಪಿನಲ್ಲಿ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತೆ. ಪೈಪುಗಳು ಕೂಡುವ ಜಾಗ, ಅಂದರೆ ಕಲೆಕ್ಟರ್ ಬಂದ ಕೂಡಲೇ ದಾರಿ ಅಗಲ ಆಗುತ್ತಲ್ಲ, ಅಲ್ಲಿಂದ ಒಂದು ಉಲ್ಟಾ ಅಲೆ, ಕಡಿಮೆ ಒತ್ತಡದ್ದು, ವಾಪಸ್ ಇಂಜಿನ್ ಕಡೆ ಬರುತ್ತೆ. ಸರಿಯಾಗಿ ಇನ್‌ಟೇಕ್ ವಾಲ್ವೂ ಎಕ್ಸಾಸ್ಟ್ ವಾಲ್ವೂ ಎರಡೂ ಸ್ವಲ್ಪ ತೆರೆದಿರುವ ಗಳಿಗೆಯಲ್ಲಿ ಅದು ಬಂದು ಮುಟ್ಟಿದರೆ, ಒಳಗೆ ಉಳಿದ ಸುಟ್ಟ ಗ್ಯಾಸನ್ನು ಎಳೆದುಹಾಕಿ ಹೊಸ ಗಾಳಿ ಒಳಗೆ ಬರೋಕೆ ನೆರವಾಗುತ್ತೆ. ಹೆಡರ್‌ನ ಲಾಭ ಅಂದರೆ ಇದು. ಪೈಪಿನ ಉದ್ದಕ್ಕೆ ಬೆಲೆ ಬರೋದೂ ಇದರಿಂದಲೇ, ಉದ್ದ ಬದಲಾದರೆ ಆ ಅಲೆ ಯಾವ ಆರ್‌ಪಿಎಂನಲ್ಲಿ ಸರಿಯಾದ ಹೊತ್ತಿಗೆ ಬಂದು ಮುಟ್ಟುತ್ತೆ ಅನ್ನೋದು ಬದಲಾಗುತ್ತೆ.

ನಾಲ್ಕು ಪೈಪು ಮೊದಲು ಎರಡಾಗಿ, ಆಮೇಲೆ ಒಂದಾಗಿ ಕೂಡುವ 4-2-1 ನೀವು ತರಿಸಿದ್ದು ಒಳ್ಳೇದಾಯಿತು. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಸರಿಯಾಗಿ ಮಾಡಿದ 4-2-1ರಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಹಾಗೆ ಮಾಡಿದರೆ ಒಂದೊಂದು ಜೋಡಿಯೊಳಗೆ ಬಡಿತಗಳ ನಡುವೆ ಕ್ರ್ಯಾಂಕಿನ ಪೂರಾ ಒಂದು ಸುತ್ತು ಅಂತರ ಸಿಗುತ್ತೆ, ಒಂದು ಸಿಲಿಂಡರಿನ ಗ್ಯಾಸು ಪಕ್ಕದ್ದಕ್ಕೆ ಅಡ್ಡ ಬರೋದಿಲ್ಲ. ಅದರಿಂದ ನಡುವಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿ ಸಿಗುತ್ತೆ. ನಾಲ್ಕೂ ಒಮ್ಮೆಗೇ ಒಂದಾಗುವ 4-1 ಆದರೆ ಲಾಭ ತೀರಾ ಮೇಲಕ್ಕೆ ಹೋಗಿ ಕೂರುತ್ತೆ. ಊರೊಳಗೂ ಹೆದ್ದಾರಿಯಲ್ಲೂ ಓಡುವ ಗಾಡಿಗೆ ಅದು ಯಾತಕ್ಕೆ? ಇನ್ನೊಂದು ಮಾತು: ಈ ಸಿಂಗಲ್ ಕ್ಯಾಮ್ ವಿಟೆಕ್‌ನಲ್ಲಿ ವಾಲ್ವು ತೆರೆಯುವ ಕ್ಯಾಮ್ ಬದಲಾಗೋದು ಇನ್‌ಟೇಕ್ ವಾಲ್ವುಗಳಿಗೆ ಮಾತ್ರ. ಮೇಲಿನ ಆರ್‌ಪಿಎಂನಲ್ಲಿ ಇನ್‌ಟೇಕ್ ಜಾಸ್ತಿ ಹೊತ್ತು ತೆರೆದಿರುತ್ತೆ, ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಹೊತ್ತೂ ಬೆಳೆಯುತ್ತೆ. ಹಾಗಾಗಿ ಒಳ್ಳೆಯ ಹೆಡರ್ ಹಾಕಿದ ಗಾಡಿಯಲ್ಲಿ ವಿಟೆಕ್ ಬಿದ್ದ ಮೇಲಿನ ಓಟ ಹಗುರಾಗಿ, ಉಸಿರು ಕಟ್ಟದೆ ಹೋದಂತೆ ಅನಿಸುತ್ತೆ. ಕಾಗದದ ಮೇಲಿನ ನಂಬರಿಗಿಂತ ಅದೇ ನಿಮಗೆ ಹಿಡಿಸೋದು.

ಕ್ಯಾಟ್ ತೆಗೀಬೇಡಿ. ಇದರಲ್ಲಿ ನನ್ನದು ಎರಡು ಮಾತಿಲ್ಲ. ಅದು ಇಲ್ಲದೆ ಹೋದರೆ ಸಿಗೋ ಪವರ್ ನಿಮ್ಮ ಇಂಜಿನ್ನಿಗೆ ಲೆಕ್ಕಕ್ಕಿಲ್ಲದ್ದು, ಬಿಡೋ ಹೊಗೆ ಮಾತ್ರ ಪೂರಾ ಊರಿನವರ ಮೂಗಿಗೆ. ಪಿಯುಸಿ ಹೊಗೆ ತಪಾಸಣೆಯಲ್ಲಿ ನೋಡೋದೇ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಕ್ಯಾಟ್ ಕಡಿಮೆ ಮಾಡೋದೂ ಅವನ್ನೇ. ಗಾಡಿ ಕೆಳಗೆ ಒಮ್ಮೆ ಮಲಗಿ ನಿಮ್ಮದರಲ್ಲಿ ಕ್ಯಾಟ್ ಎಲ್ಲಿದೆ ನೋಡಿ. ತರಿಸಿದ ಹೆಡರ್ ಕ್ಯಾಟಿನ ಜಾಗವನ್ನೇ ನುಂಗಿ ಕೂರುವಂಥದ್ದಾದರೆ ವಾಪಸ್ ಮಾಡಿ, ಅಥವಾ ಅದರ ಹಿಂದೆ ಕ್ಯಾಟ್ ಕೂರಿಸಿಕೊಳ್ಳಿ.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ದಂಡ 10,000ದವರೆಗೆ. ಹಾಗಾಗಿ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ರಸ್ತೆಗೆ ತರದೆ ಟ್ರ್ಯಾಕಿಗೆ ಅಂತಲೇ ಇಟ್ಟ ಗಾಡಿಯ ಮಾತು ಬೇರೆ.

ಈಗ ಫ್ಲೇಂಜ್. ಹೆಡರ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಇಂಜಿನ್ನಿಗೆ ಕೂರುವ ದಪ್ಪ ಪ್ಲೇಟಿನ ಮೇಲೆ ಒಂದು ನೇರವಾದ ಸ್ಟೀಲ್ ಪಟ್ಟಿ ಅಡ್ಡ ಇಡಿ, ಬೆಳಕಿನ ಕಡೆ ಹಿಡಿದು ನೋಡಿ. ಕಡಿಮೆ ಬೆಲೆಯ ಹೆಡರ್‌ಗಳಲ್ಲಿ ವೆಲ್ಡಿಂಗ್ ಬಿಸಿಗೆ ಪ್ಲೇಟು ಬಿಲ್ಲಿನ ಹಾಗೆ ಬಾಗಿರುತ್ತೆ. ನಡುವೆ ಪಟ್ಟಿ ಮುಟ್ಟುತ್ತೆ, ಎರಡೂ ಕೊನೆಯಲ್ಲಿ ಬೆಳಕು ಕಾಣುತ್ತೆ. ಸ್ಪಾರ್ಕ್ ಪ್ಲಗ್ ಗ್ಯಾಪ್ ನೋಡೋಕೆ ಇಟ್ಟುಕೊಂಡ ಫೀಲರ್ ಗೇಜ್ ಇದ್ದರೆ ಅದರ 0.1 ಮಿಲಿಮೀಟರ್ ಎಲೆ ಆ ಸಂದಿಗೆ ತೂರಿಸಿ. ಹೋಗಲಿಲ್ಲ ಅಂದರೆ ಒಳ್ಳೇ ಮಾಲು. ಸ್ವಲ್ಪ ಬಿಗಿಯಾಗಿ ಹೋದರೆ ನಡುವೆ ಹಾಕುವ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್, ಸುಧಾರಿಸುತ್ತೆ. ಅರ್ಧ ಮಿಲಿಮೀಟರಿನ ಎಲೆ ಸಲೀಸಾಗಿ ಒಳಗೆ ಹೋಗಿ ಆಡುತ್ತಾ ಇದ್ದರೆ ಆ ಹೆಡರನ್ನು ಹಾಗೇ ಕೂರಿಸಬೇಡಿ. ನಟ್ಟು ಬಿಗಿದು ಎಳೆದರೆ ಕೂರುತ್ತೆ ಅಂತ ಹೇಳ್ತಾರೆ. ಕೂರುತ್ತೆ ನಿಜ, ಆದರೆ ಆ ಎಳೆತವನ್ನೆಲ್ಲ ಹೊರೋದು ಕೊನೆಯ ಸ್ಟಡ್ಡುಗಳು (ನಟ್ಟು ಕೂರುವ ಥ್ರೆಡ್ ಕಡ್ಡಿಗಳು) ಮತ್ತು ಅವು ಕೂತಿರುವ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡು. ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡುವವರನ್ನು ಹುಡುಕಿ ಕೊಟ್ಟರೆ ಮುಖ ಹೊಡೆದು ಸಪಾಟು ಮಾಡಿಕೊಡುತ್ತಾರೆ. ಪ್ಲೇಟು ದಪ್ಪ ಇರಬೇಕು ಅಷ್ಟೇ. 10 ಮಿಲಿಮೀಟರ್ ಇದ್ದರೆ ಧಾರಾಳ, 6 ಇದ್ದರೆ ಹುಷಾರಿ.

ವೆಲ್ಡಿಂಗನ್ನೂ ಆಗಲೇ ನೋಡಿಬಿಡಿ. ಪೈಪಿನೊಳಗೆ ಬೆರಳು ಹಾಕಿ ಸವರಿ. ವೆಲ್ಡಿಂಗ್ ಗಂಟು ಒಳಗೆ ಚಾಚಿಕೊಂಡಿದ್ದರೆ ಅಲ್ಲಿ ಗ್ಯಾಸು ತಡೆಯುತ್ತೆ, ಡೈ ಗ್ರೈಂಡರಿನಿಂದ ಕೆರೆದು ನುಣುಪು ಮಾಡಿ. ಸ್ಟೀಲು ಯಾವುದು ಅಂತ ಅನುಮಾನ ಇದ್ದರೆ ಅಯಸ್ಕಾಂತ ಹಿಡಿಯಿರಿ. 304 ಆದರೆ ಹಿಡಿಯೋದಿಲ್ಲ ಅನ್ನೋ ಹಾಗಿರುತ್ತೆ, 409 ಆದರೆ ಗಟ್ಟಿಯಾಗಿ ಹಿಡಿಯುತ್ತೆ. 409 ಕೆಟ್ಟದ್ದೇನಲ್ಲ, ಕಾರು ಕಂಪನಿಗಳೇ ಬಳಸುತ್ತವೆ. 304 ಅಂತ ದುಡ್ಡು ಕೊಟ್ಟಿದ್ದರೆ ಮಾತ್ರ ಮಾರಿದವರನ್ನು ಕೇಳೋ ಹಕ್ಕು ನಿಮಗಿದೆ. ಇನ್ನೊಂದು, 304 ಬಿಸಿಗೆ ಜಾಸ್ತಿ ಹಿಗ್ಗುತ್ತೆ. 600 ಮಿಲಿಮೀಟರ್ ಉದ್ದದ ಪೈಪು 500 ಡಿಗ್ರಿ ಬಿಸಿ ಏರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತೆ. ಆ ಬೆಳವಣಿಗೆಗೆ ಜಾಗ ಬೇಕಲ್ಲ? ಕಲೆಕ್ಟರ್ ಆದ ಮೇಲೆ ಜಾಲರಿ ಹೆಣೆದ ಫ್ಲೆಕ್ಸ್ ಪೈಪು, ಇಲ್ಲವೇ ಸ್ಪ್ರಿಂಗ್ ಬೋಲ್ಟಿನ ಜಾಯಿಂಟು ಇರಬೇಕು ಅನ್ನೋದು ಇದಕ್ಕೇ. ಎಲ್ಲ ಕಡೆ ಬಿಗಿದುಬಿಟ್ಟರೆ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತೆ.

ಗಾಡಿ ಎತ್ತುವ ವಿಷಯಕ್ಕೆ ಬರೋಣ, ಇದರಲ್ಲಿ ಸಡಿಲ ಬೇಡ. ನಿಮ್ಮ ಕಡೆ ಎರೆ ಮಣ್ಣು. ಅಂಗಳದಲ್ಲಿ ಒಣಗಿದಾಗ ಕಲ್ಲಿನ ಹಾಗೆ ಕಾಣುತ್ತೆ, ಅಡಿಯಲ್ಲಿ ಬಿರುಕು ಬಿಟ್ಟಿರುತ್ತೆ, ಒಂದು ಮಳೆ ಬಿದ್ದರೆ ಜಾಕ್ ಸ್ಟ್ಯಾಂಡ್ ಕಾಲು ನಿಧಾನಕ್ಕೆ ಇಳಿಯೋದು ಕಣ್ಣಿಗೂ ಬೀಳೋದಿಲ್ಲ. ಮೇಲೆ ಫರ್ಸಿ ಹಾಸಿದ್ದರೆ ಅದನ್ನೂ ನಂಬಬೇಡಿ. ಶಹಾಬಾದ್ ಫರ್ಸಿ ನಡುವೆ ಪೊಳ್ಳಿದ್ದರೆ ಒಂದೇ ಜಾಗಕ್ಕೆ ಭಾರ ಬಿದ್ದಾಗ ಟಪ್ ಅಂತ ಒಡೆಯುತ್ತೆ. ಕಾಂಕ್ರೀಟ್ ನೆಲ ಇರೋ ಕಡೆ ಕೆಲಸ ಮಾಡಿ. ಇಲ್ಲ ಅಂದರೆ ಗೆಳೆಯರ ಶೆಡ್ಡು ಕೇಳಿ, ಅದಕ್ಕೆ ಸಂಕೋಚ ಯಾಕೆ? ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಟ್ಟಿಗೆ ತುಂಡು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಮುಂದೆ ಎರಡು ಜಾಕ್ ಸ್ಟ್ಯಾಂಡ್ ಕೊಟ್ಟು ಗಾಡಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಲೇಬಾರದು. ಇಟ್ಟಂಗಿ ಪೇರಿಸಿ ಅದರ ಮೇಲೂ ನಿಲ್ಲಿಸಬಾರದು. ಮನೆಯಲ್ಲಿ ಒಬ್ಬರು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಲಿ.

ಹಳೇ ಮ್ಯಾನಿಫೋಲ್ಡ್ ಬಿಚ್ಚೋದು ಈ ಕೆಲಸದ ಕಷ್ಟದ ಭಾಗ. ಇಷ್ಟು ವರ್ಷ ಬಿಸಿ-ತಣ್ಣಗೆ ಆಗುತ್ತಾ ಬಂದ ನಟ್ಟುಗಳು ಅವು. ಶುಕ್ರವಾರ ರಾತ್ರಿ ಇಂಜಿನ್ ಪೂರಾ ತಣ್ಣಗಾದ ಮೇಲೆ ಒಂದೊಂದು ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಬೆಳಿಗ್ಗೆ ಮತ್ತೊಮ್ಮೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಮೇಲಿನ ಹೀಟ್ ಶೀಲ್ಡ್ ಬಿಚ್ಚಿ. ಈ ಗಾಡಿಯಲ್ಲಿ ಎಕ್ಸಾಸ್ಟ್ ಇಂಜಿನ್ನಿನ ಮುಂಭಾಗದಲ್ಲಿ, ರೇಡಿಯೇಟರ್ ಕಡೆ ಇರೋದು, ಅದು ನಿಮ್ಮ ಪುಣ್ಯ. ಫ್ಯಾನ್ ಬಿಚ್ಚಿ ಪಕ್ಕಕ್ಕಿಟ್ಟರೆ ಕೈಗೆ ಒಳ್ಳೇ ಜಾಗ ಸಿಗುತ್ತೆ, ರೇಡಿಯೇಟರ್ ಜಾಲರಿಗೂ ಪೆಟ್ಟು ಬೀಳದ ಹಾಗೆ ಒಂದು ರಟ್ಟು ಅಡ್ಡ ಇಡಿ.

ನಟ್ಟಿಗೆ ಆರು ಮೂಲೆಯ ಸಾಕೆಟ್ಟೇ ಹಾಕಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ನಟ್ಟಿನ ಮೂಲೆ ಸವೆಸಿಬಿಡುತ್ತೆ. ಬಿಚ್ಚುವ ಮೊದಲು ಒಂದು ಚೂರು ಬಿಗಿ ಕಡೆಗೆ ತಿರುಗಿಸಿ, ಕಿರ್ ಅಂತ ಸದ್ದು ಬಂದರೆ ತುಕ್ಕಿನ ಹಿಡಿತ ಬಿಟ್ಟಿತು ಅಂತ. ಆಮೇಲೆ ಕಾಲು ಸುತ್ತು ಬಿಚ್ಚಿ, ಮತ್ತೆ ಅರೆಕಾಲು ಒಳಗೆ, ಎಣ್ಣೆ, ಮತ್ತೆ ಹೊರಗೆ. ಕೈಗೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಅನಿಸಿದರೆ ಅಲ್ಲೇ ನಿಲ್ಲಿಸಿ, ಸ್ಟಡ್ಡು ತಿರುಚಿಕೊಳ್ಳುತ್ತಿದೆ. ಬ್ಲೋ ಲ್ಯಾಂಪಿನಿಂದ ನಟ್ಟಿಗೆ ಮಾತ್ರ ಬಿಸಿ ಕೊಟ್ಟು ನೋಡಬಹುದು, ಆದರೆ ಮೊದಲು ಎಣ್ಣೆ ಒರೆಸಿ, ಪೆಟ್ರೋಲ್ ಪೈಪು ಎಲ್ಲಿದೆ ನೋಡಿಕೊಂಡು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ಸ್ಟಡ್ಡು ಮುರಿದೇ ಹೋದರೆ ಗಾಬರಿ ಬೇಡ, ಡ್ರಿಲ್ ಮಷಿನ್ನೂ ಬೇಡ. ಮುರಿದ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ಒಂದು ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಹೊಡೆದು, ಬಿಸಿ ಇಳಿಯುವಾಗ ಪಾನಾ ಹಾಕಿ ತಿರುಗಿಸಿದರೆ ಬಹಳ ಸಲ ಬಂದುಬಿಡುತ್ತೆ. ಇದಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡುವವರನ್ನು ಮನೆಗೇ ಕರೆಸಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಡ್ರಿಲ್ ಒಂದು ಎಳೆ ಓರೆ ಹೋದರೂ ಥ್ರೆಡ್ ಹಾಳು, ಆಮೇಲೆ ಹೊಸ ಥ್ರೆಡ್ ಕೊಡುವ ಸುರುಳಿ, ಹೆಲಿಕಾಯಿಲ್, ಹಾಕಿಸಬೇಕಾಗುತ್ತೆ.

ಸುಟ್ಟ ಗ್ಯಾಸಿನಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಬಿಚ್ಚೋಕೆ ವೈರ್ ಹೋಗೋಕೆ ಸೀಳು ಇರುವ 22 ಎಂಎಂ ಸಾಕೆಟ್ ಬರುತ್ತೆ, ಅದನ್ನೇ ತನ್ನಿ. ಸೆನ್ಸರ್ ತುದಿಗೆ ಎಣ್ಣೆ, ಗ್ರೀಸು, ಕೈ ತಾಗಿಸಬೇಡಿ. ವಾಪಸ್ ಹಾಕುವಾಗ ಆ್ಯಂಟಿ ಸೀಜ್ (ಥ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟು) ಥ್ರೆಡ್ಡಿಗಷ್ಟೇ.

ಹೊಸದು ಕೂರಿಸುವ ಮೊದಲು ಹೆಡ್ಡಿನ ಮುಖದಲ್ಲಿ ಅಂಟಿದ ಹಳೇ ಪ್ಯಾಕಿಂಗ್ ಪೂರಾ ತೆಗೀರಿ. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ, ಅಲ್ಯೂಮಿನಿಯಂ ಗೀರು ಬೀಳಬಾರದು. ಪೋರ್ಟುಗಳಿಗೆ ಬಟ್ಟೆ ತುರುಕಿ, ಎಷ್ಟು ತುರುಕಿದಿರಿ ಅಂತ ಲೆಕ್ಕ ಇಡಿ. ಈಗ ಗ್ಯಾಸ್ಕೆಟ್ ಇಲ್ಲದೆ ಹೆಡರನ್ನು ಒಮ್ಮೆ ಸುಮ್ನೆ ಏರಿಸಿ ನೋಡಿ. ಸ್ಟಡ್ಡುಗಳ ಮೇಲೆ ಸಲೀಸಾಗಿ ಜಾರಬೇಕು. ಹಿಂದಿನ ಪೈಪಿನ ಜಾಯಿಂಟು ತಾನಾಗೇ ಎದುರಿಗೆ ಬರಬೇಕು. ಜಗ್ಗಿ ಹೊಂದಿಸುವ ಹಾಗಿದ್ದರೆ ಪೈಪನ್ನೇ ಕತ್ತರಿಸಿ ಸರಿಮಾಡಿಸಿ. ಆಯಿಲ್ ಚೇಂಬರ್, ಎಸಿ ಪೈಪು, ಫ್ಯಾನಿನ ವೈರು, ಇವೆಲ್ಲ ಎಷ್ಟು ದೂರ ಇವೆ ನೋಡಿ. ಬೀಡು ಕಬ್ಬಿಣದ ಹಳೇ ಮ್ಯಾನಿಫೋಲ್ಡಿಗೆ ಹೀಟ್ ಶೀಲ್ಡ್ ಇತ್ತು, ಇದಕ್ಕೆ ಇರೋದಿಲ್ಲ. ಏಪ್ರಿಲ್ ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ಆ ವೈರಿನ ಪಾಡು ಯೋಚಿಸಿ, ಬೇರೆ ದಾರಿಯಲ್ಲಿ ಒಯ್ದು ಕ್ಲಿಪ್ ಮಾಡಿ. ಬಟ್ಟೆಯಂಥ ಎಕ್ಸಾಸ್ಟ್ ರ‍್ಯಾಪ್ ಸುತ್ತೋ ಆಸೆ ಬೇಡ. ನಿಮ್ಮ ಹೆಡರ್ ಇರೋದೇ ಮುಂದೆ, ಮಳೆಗಾಲದಲ್ಲಿ ಹುಬ್ಬಳ್ಳಿ-ಧಾರವಾಡದ ರಸ್ತೆ ನೀರು ನೇರ ಅದಕ್ಕೇ ಹಾರುತ್ತೆ. ರ‍್ಯಾಪ್ ನೀರು ಹಿಡಿದುಕೊಂಡು ಕೂತು ಪೈಪನ್ನು ತಿನ್ನುತ್ತೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ವಾಸಿ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್, ಹೊಸ ಸೆಲ್ಫ್ ಲಾಕಿಂಗ್ ನಟ್ಟು. ಹಳೇದು ಮತ್ತೆ ಬೇಡ. ಸಿಲಿಕೋನ್ ಸೀಲೆಂಟ್ ಹಚ್ಚೋರು ಬಹಳ ಇದ್ದಾರೆ, ಅದು ಸುಟ್ಟು ಹೋಗೋದಲ್ಲದೆ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತೆ. ಎಲ್ಲ ನಟ್ಟೂ ಕೈಯಲ್ಲಿ ಕೂರಿಸಿ, ಹಿಂದಿನ ಜಾಯಿಂಟನ್ನೂ ಸಡಿಲವಾಗಿ ಹಾಕಿ, ಆಮೇಲೆ ನಡುವಿನಿಂದ ಶುರು ಮಾಡಿ ಎರಡೂ ಕಡೆ ಹೊರಕ್ಕೆ ಹೋಗುತ್ತಾ ಮೂರು ಹಂತದಲ್ಲಿ ಬಿಗಿಯಿರಿ. ಹೋಂಡಾ ಡಿ ಸೀರೀಸ್ ಇಂಜಿನ್ನಿಗೆ ಹೆಡರನ್ನು ಹೆಡ್ಡಿಗೆ ಬಿಗಿಯುವ ನಟ್ಟು 31 ನ್ಯೂಟನ್ ಮೀಟರ್, ಕೆಳಗಿನ ಪೈಪಿನ ನಟ್ಟು 54, ಆಕ್ಸಿಜನ್ ಸೆನ್ಸರ್ 44. 31 ಅಂದರೆ ಬಹಳ ಕಡಿಮೆ ಅನಿಸುತ್ತೆ, ಕೈ ಇನ್ನೂ ಒತ್ತೋಕೆ ಹೋಗುತ್ತೆ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸ ಬೇಡ, ಒಂದು ದಿನಕ್ಕೆ ಯಾರದ್ದಾದರೂ ಕೇಳಿ ತನ್ನಿ. ಕೊನೆಗೆ ಥಿನ್ನರಿನ ಬಟ್ಟೆಯಿಂದ ಹೆಡರ್ ಮೇಲಿನ ಬೆರಳಚ್ಚು, ಎಣ್ಣೆ ಎಲ್ಲ ಒರೆಸಿ, ಪೂರಾ ಆರಲು ಬಿಡಿ. ಇಲ್ಲದಿದ್ದರೆ ಆ ಬೆರಳುಗಳ ಗುರುತು ಸ್ಟೀಲಿನ ಮೇಲೆ ಸುಟ್ಟು ಹಾಗೇ ಉಳಿಯುತ್ತೆ.

ಇಂಜಿನ್ ಶುರು ಮಾಡುವಾಗ ಗಾಡಿ ಬಯಲಲ್ಲಿರಲಿ. ಶೆಡ್ಡಿನ ಬಾಗಿಲು ಹಾಕಿಕೊಂಡು ಚಾಲೂ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆ ಇಲ್ಲದೆ ಕೊಲ್ಲುತ್ತೆ. ಮೊದಲ ಹತ್ತು ನಿಮಿಷ ಸ್ವಲ್ಪ ಹೊಗೆ ಬರೋದು ಸಹಜ. ಲೀಕ್ ಹುಡುಕೋಕೆ ಇದೇ ಸರಿಯಾದ ಹೊತ್ತು, ಯಾಕಂದರೆ ಸಣ್ಣ ಲೀಕ್ ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುತ್ತೆ, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸುಮ್ಮನಾಗುತ್ತೆ. ಪೆಟ್ರೋಲ್ ವಾಸನೆ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಊದುಬತ್ತಿ ಹಚ್ಚಿ ಫ್ಲೇಂಜ್ ಉದ್ದಕ್ಕೂ ನಿಧಾನಕ್ಕೆ ಹಿಡಿಯುತ್ತಾ ಹೋಗಿ. ಫ್ಯಾನ್ ತಿರುಗದೆ ಇರುವಾಗ ಹೊಗೆಯ ಎಳೆ ನೆಟ್ಟಗೆ ಏರುತ್ತಿರುತ್ತೆ, ಲೀಕ್ ಇರೋ ಜಾಗ ಬಂದ ಕೂಡಲೇ ಅದು ನಡುಗಿ ಚದುರುತ್ತೆ. ಸ್ವಲ್ಪ ದಿನ ಓಡಿಸಿದ ಮೇಲಾದರೆ ಮಸಿಯೇ ಹೇಳುತ್ತೆ, ಲೀಕ್ ಇರೋ ಕಡೆ ಗ್ಯಾಸ್ಕೆಟ್ ಅಂಚಿನಿಂದ ಕಪ್ಪು ಗೆರೆ ಹೊರಗೆ ಹರಡಿರುತ್ತೆ.

ಸಣ್ಣ ಲೀಕ್ ಇದ್ದರೆ ಏನಾಯ್ತು, ಸ್ವಲ್ಪ ಸೌಂಡು ತಾನೇ ಅನ್ನಬೇಡಿ. ಬಡಿತ ಬಡಿತದ ನಡುವೆ ಪೈಪಿನೊಳಗೆ ಒತ್ತಡ ಹೊರಗಿನದ್ದಕ್ಕಿಂತ ಕಡಿಮೆ ಆಗುತ್ತೆ. ಆಗ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತೆ. ಮುಂದೆ ಕೂತಿರುವ ಸೆನ್ಸರಿಗೆ ಆಕ್ಸಿಜನ್ ಜಾಸ್ತಿ ಕಾಣುತ್ತೆ. ಪೆಟ್ರೋಲ್ ಕಡಿಮೆ ಬೀಳ್ತಿದೆ ಅಂತ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತಿಳಿದುಕೊಂಡು ಇನ್ನಷ್ಟು ಸುರಿಯುತ್ತೆ. ಮೈಲೇಜು ಇಳಿಯುತ್ತೆ, ಪ್ಲಗ್ ಕಪ್ಪಾಗುತ್ತೆ, ಕ್ಯಾಟ್ ಬಿಸಿಯಾಗಿ ಸಾಯುತ್ತೆ. ಜನ ಹೆಡರ್ ಹಾಕಿದ ಮೇಲೆ ಟ್ಯೂನಿಂಗ್ ಸರಿಯಿಲ್ಲ ಅಂತ ಇಸಿಯು ರಿಮ್ಯಾಪ್ ಮಾಡಿಸೋಕೆ ಓಡುತ್ತಾರೆ, ತಪ್ಪು ಇರೋದು ಅರ್ಧ ಮಿಲಿಮೀಟರ್ ಸಂದಿಯಲ್ಲಿ. ಲೀಕ್ ಇಲ್ಲದ, ಸೆನ್ಸರ್ ಸರಿ ಇರೋ ಗಾಡಿಯಾದರೆ ಬರೀ ಹೆಡರಿಗೆ ಪ್ರತ್ಯೇಕ ಟ್ಯೂನಿಂಗ್ ಬೇಕಾಗೋದಿಲ್ಲ, ಅಷ್ಟು ಬದಲಾವಣೆ ಇಸಿಯು ತಾನೇ ಸರಿದೂಗಿಸಿಕೊಳ್ಳುತ್ತೆ. ಹೆಡರ್‌ನಲ್ಲಿ ಸೆನ್ಸರ್ ಕೂರುವ ಜಾಗ ಇಂಜಿನ್ನಿನಿಂದ ತೀರಾ ದೂರ ಇದ್ದು, ನಿಮ್ಮ ಸೆನ್ಸರಿಗೆ ಒಂದೇ ವೈರ್ ಇದ್ದರೆ ಮಾತ್ರ ತೊಂದರೆ. ಅದಕ್ಕೆ ತನ್ನದೇ ಹೀಟರ್ ಇರೋದಿಲ್ಲ, ಬಿಸಿ ಸಾಲದೆ ಕೆಲಸ ಮಾಡೋಕೆ ತಡಮಾಡುತ್ತೆ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಕೂರಬೇಕು ಅನ್ನೋದನ್ನೂ ನೋಡಿ, ಕೆಳಗಿದ್ದರೆ ಪೈಪಿನ ನೀರು ಅದರ ಮೇಲೆ ನಿಂತು ಒಳಗಿನ ಸೆರಾಮಿಕ್ ಒಡೆಯುತ್ತೆ.

ನಾಲ್ಕೈದು ಸಲ ಗಾಡಿ ಪೂರಾ ಬಿಸಿಯಾಗಿ ತಣ್ಣಗಾದ ಮೇಲೆ, ತಣ್ಣಗಿರುವಾಗಲೇ, ಎಲ್ಲ ನಟ್ಟಿನ ಟಾರ್ಕ್ ಇನ್ನೊಮ್ಮೆ ನೋಡಿ. ಗ್ಯಾಸ್ಕೆಟ್ ಕೂತಿರುತ್ತೆ, ಒಂದೆರಡು ನಟ್ಟು ಸ್ವಲ್ಪ ತಿರುಗೇ ತಿರುಗುತ್ತವೆ. ಚೇಂಬರ್ ಕೆಳಗೆ ಹೋಗುವ ಕಲೆಕ್ಟರ್ ನೆಲದಿಂದ ಎಷ್ಟು ಎತ್ತರ ಇದೆ ಅಂತ ನಾಲ್ಕು ಜನ ಕೂತಾಗ ಅಳೆಯಿರಿ. ಹಳ್ಳಿ ದಾಟುವಾಗ ಬಣ್ಣವೂ ಇಲ್ಲದ ಹಂಪುಗಳು ಇರ್ತಾವಲ್ಲ, ಅಲ್ಲಿ ಒಮ್ಮೆ ತಾಗಿದರೆ ಪೆಟ್ಟು ಹೋಗೋದು ಕಲೆಕ್ಟರಿಗಷ್ಟೇ ಅಲ್ಲ, ಪೈಪಿನ ಉದ್ದಕ್ಕೂ ಹೋಗಿ ಹೆಡ್ಡಿನ ಸ್ಟಡ್ಡಿಗೆ ಬೀಳುತ್ತೆ. ತಾಗಿದ ದಿನವೇ ಫ್ಲೇಂಜ್ ನೋಡಿಬಿಡಿ.

ಹಳೇ ಮ್ಯಾನಿಫೋಲ್ಡು, ಅದರ ಹೀಟ್ ಶೀಲ್ಡು, ಬೋಲ್ಟು ಎಲ್ಲ ಎಣ್ಣೆ ಸವರಿ ಒಂದು ಚೀಲದಲ್ಲಿ ಕಟ್ಟಿಡಿ, ಗುಜರಿಗೆ ಕೊಡಬೇಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಆಗ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು. ಬದಲಾವಣೆ ಬೇಡ ಅಂತ ಅವರು ಅಂದರೆ ಗಾಡಿಯನ್ನು ಮೊದಲಿನ ಸ್ಥಿತಿಗೇ ತಂದು ಹಾಗೇ ಓಡಿಸಬೇಕಾಗುತ್ತೆ, ಈ ಮಾಡೆಲ್ಲಿನ ಒಳ್ಳೇ ಮ್ಯಾನಿಫೋಲ್ಡ್ ಈಗ ಹುಡುಕಿದರೂ ಸಿಗೋದು ಕಷ್ಟ.